ಹೊಳೆಗೆ ಬಿಟ್ಟ ಗುಳಿಗೆ

ಬನಹಟ್ಟಿ
12 ಜೂನ್ 2003

ಪ್ರೀತಿಯ ಅಂಜನಕ್ಕನಿಗೆ ತಂಗಿ ಸುವರ್ಣಾಳ ನಮಸ್ಕಾರ.

ನಾನು ಆರಾಮ ಇದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ಮೊನ್ನೆ ಮುಧೋಳದಲ್ಲಿ ಕಂಡದ್ದನ್ನು ನಿನಗೆ ಹೇಳಲೇಬೇಕು.

ಶಿಕ್ಷಕರ ತರಬೇತಿಗೆ ಹೋಗಿದ್ದೆ. ತಲೆಶೂಲೆಗೆ ಗುಳಿಗೆ ಬೇಕೆಂದು ಔಷಧದ ಅಂಗಡಿಯಲ್ಲಿ ನಿಂತೆ. ನನ್ನ ಮುಂದೆ ಒಬ್ಬ ಮನುಷ್ಯ, ಆ ಸೆಕೆಯಲ್ಲೂ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಚೀಟಿ ಕೊಡಲಿಲ್ಲ, ಬಾಯಿ ಬಿಡಲಿಲ್ಲ. ಅಂಗಡಿಯವನೇ "ಯಾವಾಗ್ಲೂ ಒಯ್ಯೂದ ಹೌದಲ್ರಿ? ಮೂರ ತಿಂಗಳದ್ದು ಕಟ್ಟಲೇನು?" ಎಂದು ಕೇಳಿದ. ಇವನು ಗೋಣು ಹಾಕಿದ. ಕಪಾಟಿನಿಂದ ಬಂದದ್ದು ಹಸಿರು ಪಟ್ಟಿಗಳು. ಅಕ್ಕಾ, ಆ ಪಟ್ಟಿಯನ್ನು ನಾನು ಕಣ್ಣು ಮುಚ್ಚಿಕೊಂಡೂ ಗುರುತು ಹಿಡಿಯುತ್ತೇನೆ. ನಮ್ಮವರಿಗೆ ಜಮಖಂಡಿ ಡಾಕ್ಟರು ಕೊಟ್ಟಿದ್ದ ಕೊಲೆಸ್ಟ್ರಾಲ್ ಗುಳಿಗೆ ಅದೇ. ಚೀಲಕ್ಕೆ ತುಂಬಿಕೊಳ್ಳುವಾಗ ಟವೆಲ್ ಜಾರಿತು. ನೋಡಿದರೆ ಮಹಾಲಿಂಗಪುರದ ಪುಡಿ ಶಿವಯೋಗೆಪ್ಪ!

ನಮ್ಮವರ ಜೊತೆ ಒಂದೇ ಊರಿನಲ್ಲಿ ಬೆಳೆದವ. ಬೆಲ್ಲದ ಅಡತಿ ಅಂಗಡಿಯಲ್ಲಿ ತೂಕ ಹಾಕುತ್ತಿದ್ದವ ಮೂರೇ ವರ್ಷದಲ್ಲಿ ವೈದ್ಯನಾದ. ಅಗಸಿ, ಮೆಂತೆ, ಬೆಳ್ಳುಳ್ಳಿ, ಮತ್ತಿಮರದ ಚಕ್ಕೆ ಕುಟ್ಟಿ ಡಬ್ಬಿಗೆ ತುಂಬಿ, ರಕ್ತದ ಕೊಬ್ಬಿಗೆ ದೇಸಿ ಮದ್ದು ಎಂದು ಮಾರಿದ. ಬೀಳಗಿ ಕಡೆಯ ಅವರ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಆ ಮಂದಿಗೆ ಹೊರಗಿನವರು ಯಾರು ಹೇಳಿದರೂ ಅನುಮಾನ, ತಮ್ಮ ಊರಿನವ ಹೇಳಿದರೆ ಅದೇ ವೇದ. ಪುಡಿ ತೊಗೊಳ್ಳಲು ಅವನದೊಂದು ನೇಮ ಬೇರೆ. ಕಾಶಿಗೆ ಹೋದವರು ಏನಾದರೊಂದು ಬಿಟ್ಟು ಬರುತ್ತಾರಲ್ಲ, ಹಾಗೆ ಹೊಳೆಯಲ್ಲಿ ನಿಂತು ಒಂದನ್ನು ಬಿಡಬೇಕು. ಬೆಣ್ಣೆ ಬಿಡಿಸಿದ್ದರೆ ಅವನಿಗೆ ಪುಣ್ಯ ಬರುತ್ತಿತ್ತು. ಅವನು ಬಿಡಿಸುವುದು ಡಾಕ್ಟರ ಗುಳಿಗೆಯನ್ನು.

ನಮ್ಮವರು ಮೊಳಕಾಲು ನೀರಿನಲ್ಲಿ ನಿಂತು ಐದು ಪಟ್ಟಿ ಬಿಟ್ಟರು. ದಂಡೆಯ ಮೇಲೆ ನಾನು ಅವರ ಚಪ್ಪಲಿ ಕಾಯುತ್ತಿದ್ದೆ. ಐದು ತಿಂಗಳಿಗೆ ಎದೆ ಹಿಡಿಯಿತು. "ದವಾಖಾನಿಗೆ ಹೋಗೂಣು ಏಳ್ರಿ" ಎಂದರೆ, "ದೋಷ ಹೊರಗ ಬರಾಕತ್ತೈತಿ, ಶಿವಯೋಗಿ ಮೊದಲ ಹೇಳ್ಯಾನ" ಎಂದರು. ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಹೋದರು. ಎರಡೂವರೆ ವರ್ಷವಾಯಿತು. ಆ ಮನುಷ್ಯ ತಿಳಿಯದೆ ಮಾಡಿದ ಎಂದು ಇಷ್ಟು ದಿನ ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಈಗ ಅದೂ ಹೋಯಿತು.

ಅವನನ್ನು ಬಿಡುವುದಿಲ್ಲ ಅಕ್ಕ. ಬಾಯಿಮಾತಿಗೆ ಸಾಕ್ಷಿ ಇಲ್ಲ, ಅದಕ್ಕೆ ಗುಳಿಗೆ ಬಿಡಿರಿ ಎಂದು ಅವನ ಕೈಯಿಂದಲೇ ಬರೆಸುತ್ತೇನೆ. ನಿನ್ನ ಹೆಸರಿನಲ್ಲಿ, ಹುನ್ನೂರಿನ ವಿಳಾಸದಿಂದ ಅವನಿಗೆ ಪತ್ರ ಹಾಕುತ್ತೇನೆ. ನೀನು ನನ್ನ ಅಕ್ಕ ಎಂದು ಅವನಿಗೆ ಗೊತ್ತಿಲ್ಲ, ನನ್ನ ಅಕ್ಷರವನ್ನೂ ಅವನು ಕಂಡಿಲ್ಲ. ನಿನ್ನ ಯಜಮಾನರಾದ ಚನಮಲ್ಲಪ್ಪ ಮಾವನಿಗೂ ಅದೇ ತೊಂದರೆ ಇರುವುದರಿಂದ ಸುಳ್ಳು ರೋಗಿಯೊಬ್ಬನನ್ನು ಹುಟ್ಟಿಸುವ ಕೆಲಸ ತಪ್ಪಿತು. ನೀನು ಹೂಂ ಅನ್ನು, ಸಾಕು.

ನಿನ್ನ ತಂಗಿ
ಸುವರ್ಣಾ


ಹುನ್ನೂರ
21 ಜೂನ್ 2003

ಚಿ. ಸುವರ್ಣಾಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಮೂರು ಸಲ ಓದಿದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಿದ್ದೆವಲ್ಲ, ಈಗ ಆ ಮನುಷ್ಯನ ಮಾರಿಯನ್ನೂ ನೀನು ಕಂಡೆ. ಆದರೂ ಒಂದು ಮಾತು. ಸೇಡು ಎಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಮೊದಲು ಸುಡುವುದು ನಮ್ಮದೇ ಸೆರಗು.

ನಿಮ್ಮ ಮಾವನ ಸುದ್ದಿ ಕೇಳುವುದೇ ಬೇಡ. ಜಮಖಂಡಿಯ ಶಿಬಿರದಲ್ಲಿ ರಕ್ತ ನೋಡಿ ಇನ್ನೂರಾ ಅರವತ್ತೆಂಟು ಎಂದು ಬರೆದುಕೊಟ್ಟರು. ಅದನ್ನು ಮಾರ್ಕು ಬಂದವರ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದರು. ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ಕಾಣದಿದ್ದರೆ ತಾಟು ಸರಿಸುತ್ತಾರೆ. "ಹೊಳಿಗೆ ಬಂದಾರ ಕಟ್ಟುವಾಗ ಕಲ್ಲ ಹೊತ್ತ ಮೈ ಐತಿ ಇದು, ಬೆಣ್ಣಿ ಏನ ಮಾಡತೈತಿ?" ಅನ್ನುತ್ತಾರೆ. ಗುಳಿಗೆಯನ್ನು ನಾನು ಅಂಗೈಗೆ ಹಾಕಿ, ನುಂಗುವ ತನಕ ಎದುರಿಗೆ ನಿಲ್ಲುತ್ತೇನೆ.

ನೀನು ಒಂದು ಸಲ ಹಟ ಹಿಡಿದರೆ ಬಿಡುವವಳಲ್ಲ. ಬರೆ. ಬಂದ ಪತ್ರ ನಿನಗೆ ಕಳಿಸುತ್ತೇನೆ. ನಮ್ಮ ಮನೆಯಲ್ಲಿ ಪತ್ರ ಓದುವವಳು ನಾನೊಬ್ಬಳೇ, ಓದಿದ್ದನ್ನು ಪಡಸಾಲೆಯ ತಂತಿಗೆ ಚುಚ್ಚಿಟ್ಟರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ.

ನಿನ್ನ ಅಕ್ಕ
ಅಂಜನಾ


ಹುನ್ನೂರ
1 ಜುಲೈ 2003

ಪೂಜ್ಯ ವೈದ್ಯ ಶಿವಯೋಗೆಪ್ಪನವರಿಗೆ ಹುನ್ನೂರಿನ ಅಂಜನಾ ಮಾಡುವ ಶರಣು.

ನಿಮ್ಮ ಪುಡಿ ತೊಗೊಂಡವರು ಮತ್ತೆ ಡಾಕ್ಟರ ಬಾಗಿಲು ತುಳಿದಿಲ್ಲ ಎಂದು ಬನಹಟ್ಟಿಯಲ್ಲಿ ಕಣ್ಣಾರೆ ಕಂಡವರು ಹೇಳಿದರು. ನಮ್ಮ ಮನೆಯವರಿಗೆ ಐವತ್ತಾರು ವರ್ಷ. ರಕ್ತದಲ್ಲಿ ಕೊಬ್ಬು 268 ಬಂದಿದೆ. ಡಾಕ್ಟರು ಬರೆದ ಗುಳಿಗೆ ದಿನಾ ಒಂದು ನುಂಗುತ್ತಿದ್ದಾರೆ. ಜೀವಮಾನವೆಲ್ಲ ನುಂಗಬೇಕಂತೆ. ಏನು ಉಣ್ಣಬೇಕು, ಏನು ಬಿಡಬೇಕು, ಗುಳಿಗೆ ಏನು ಮಾಡಬೇಕು ಎಂದು ನೀವೇ ದಾರಿ ತೋರಿಸಬೇಕು.

ನಿಮ್ಮನ್ನೇ ನಂಬಿರುವ
ಅಂಜನಾ ಚನಮಲ್ಲಪ್ಪ


ಮಹಾಲಿಂಗಪುರ
9 ಜುಲೈ 2003

ಶರಣೆ ಅಂಜನಾ ಅವರಿಗೆ ಶರಣು ಶರಣಾರ್ಥಿ.

ನಿಮ್ಮ ಪತ್ರ ತಲುಪಿತು. ಹೆದರುವ ಕಾರಣವಿಲ್ಲ. ನಮ್ಮ ಹಿರಿಯರ ಅಡಿಗೆಮನೆಯೇ ದವಾಖಾನೆ. ಎರಡು ಹೊತ್ತೂ ಜೋಳದ ರೊಟ್ಟಿ, ಅದರ ಜೊತೆ ಅಗಸಿಯ ಹಿಂಡಿ. ರಾತ್ರಿ ಒಂದು ಚಮಚ ಮೆಂತೆ ನೆನೆಹಾಕಿ ಬೆಳಗ್ಗೆ ಬರಿ ಹೊಟ್ಟೆಗೆ ಅಗಿಯಬೇಕು. ಹಸಿ ಬೆಳ್ಳುಳ್ಳಿ ಎರಡು ಎಸಳು. ವಾರಕ್ಕೆ ಮೂರು ಸಲ ಹುರುಳಿಯ ಕಟ್ಟು, ನುಗ್ಗೆಸೊಪ್ಪಿನ ಪಲ್ಯ. ಬೆಣ್ಣೆ, ಡಾಲ್ಡಾ, ಅಂಗಡಿಯ ಭಜಿ, ಚುರಮುರಿಯ ಮೇಲಿನ ಕರಿದ ಸೇವು, ಇವುಗಳ ಹೆಸರು ಎತ್ತಬಾರದು. ಊಟವಾದ ಮೇಲೆ ಕೂಡದೆ ಹೊಲದ ತನಕ ನಡೆದು ಬರಬೇಕು. ಪುಡಿ ಬೆಳಗ್ಗೆ ಒಂದು ಚಮಚ, ಸಂಜೆ ಒಂದು ಚಮಚ.

ಗುಳಿಗೆಯ ವಿಚಾರ ಕಾಗದದಲ್ಲಿ ಬರೆಯುವಂಥದ್ದಲ್ಲ. ಯಜಮಾನರನ್ನು ಕರೆದುಕೊಂಡು ಬನ್ನಿ, ಎದುರಿಗೆ ಹೇಳುತ್ತೇನೆ.

ನಿಮ್ಮ ಹಿತ ಬಯಸುವ
ಶಿವಯೋಗೆಪ್ಪ


ಬನಹಟ್ಟಿ
22 ಜುಲೈ 2003

ಅಕ್ಕಾ,

ನೀನು ಕಳಿಸಿದ ಅವನ ಪತ್ರ ಬಂತು. ಓದಿ ಹಲ್ಲು ಕಡಿದೆ. ಊಟದ ಬಗ್ಗೆ ಬರೆದದ್ದರಲ್ಲಿ ಒಂದೂ ತಪ್ಪಿಲ್ಲ! ಜಮಖಂಡಿ ಡಾಕ್ಟರೂ ನಮ್ಮವರಿಗೆ ಇದನ್ನೇ ಹೇಳಿದ್ದರು. ಅಗಸಿ ಹಿಂಡಿ ತಿಂದು ಯಾರೂ ಸತ್ತಿಲ್ಲ. ನೀನು ಇದನ್ನೆಲ್ಲ ಮಾವನಿಗೆ ಮಾಡಿ ಹಾಕು, ಒಳ್ಳೆಯದೇ ಆಗುತ್ತದೆ. ಆದರೆ ಗುಳಿಗೆಯ ಮಾತು ಬಂದ ಕೂಡಲೇ ಕಳ್ಳ ಬಾಗಿಲು ಹಾಕಿಕೊಂಡ.

ಅವನಿಗೆ ಅಹಂಕಾರ ಬಹಳ. ಕೆಣಕಿದರೆ ಬರೆಯುತ್ತಾನೆ. ಕೆಣಕುವುದು ಹೇಗೆಂದು ಹೊಳೆದಿದೆ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗರಿಂದ ಕಳ್ಳತನ ಒಪ್ಪಿಸುವುದು ನನಗೆ ಇಪ್ಪತ್ತು ವರ್ಷದ ರೂಢಿ.

ಸುವರ್ಣಾ


ಹುನ್ನೂರ
4 ಆಗಸ್ಟ್ 2003

ಪೂಜ್ಯ ವೈದ್ಯರಿಗೆ ಅಂಜನಾಳ ಶರಣು.

ನಿಮ್ಮ ಪಥ್ಯ ಶುರು ಮಾಡಿದ್ದೇವೆ. ಕಬ್ಬಿನ ಕೆಲಸದಿಂದ ಅಲ್ಲಿಗೆ ಬರಲು ಆಗುತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕು ಒಂದಿದೆ. ಬನಹಟ್ಟಿಯ ಒಬ್ಬ ಮಾಸ್ತರಣಿ, ಗಂಡನನ್ನು ಕಳೆದುಕೊಂಡವಳು, ನಿಮ್ಮ ಮಾತು ಕೇಳಿ ಗುಳಿಗೆ ಬಿಟ್ಟದ್ದರಿಂದಲೇ ಅವರು ಸತ್ತರೆಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನಮ್ಮ ಮನೆಯವರು ಹಿಂದೆ ಮುಂದೆ ನೋಡುತ್ತಿದ್ದಾರೆ. "ವೈದ್ಯಗ ತನ್ನ ಮದ್ದಿನ ಮ್ಯಾಲ ನಂಬಿಕಿ ಇದ್ದರ ಬರದ ಕೊಡ್ಲಿ" ಎನ್ನುತ್ತಾರೆ. ಅವಳ ಬಾಯಿ ಮುಚ್ಚಿಸುವ ಹಾಗೆ ನಾಲ್ಕು ಸಾಲು ನಿಮ್ಮ ಕೈಯಿಂದಲೇ ಬರೆದು ಕೊಟ್ಟರೆ ನಾವು ಧೈರ್ಯ ಮಾಡುತ್ತೇವೆ.

ಅಂಜನಾ ಚನಮಲ್ಲಪ್ಪ


ಮಹಾಲಿಂಗಪುರ
19 ಆಗಸ್ಟ್ 2003

ಶರಣೆ ಅಂಜನಾ ಅವರಿಗೆ,

ಸತ್ತವನು ನನ್ನ ಜೀವದ ಗೆಳೆಯ ಸೋಮಲಿಂಗ. ಒಂದೇ ಹೊಳೆಯ ನೀರು ಕುಡಿದು ಬೆಳೆದವರು ನಾವು. ಅವನ ಸಾವಿಗೆ ನನ್ನ ಪುಡಿ ಕಾರಣವಲ್ಲ, ಅವನ ಹೆಂಡತಿ ಕಾರಣ. ಪಥ್ಯ ಮಾಡಿ ಹಾಕಲು ಅವಳಿಗೆ ಬೇಸರ. ನೌಕರಿಯ ಸೊಕ್ಕು. ಕೇಳಿದಾಗಲೆಲ್ಲ ಬೆಣ್ಣೆ ಹಾಕಿ, ಕರಿದದ್ದು ತಿನ್ನಿಸಿ ಗಂಡನನ್ನು ಕಳಿಸಿದಳು. ಈಗ ಊರ ಮುಂದೆ ಅಳುತ್ತಾಳೆ.

ನನಗೆ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿದ್ದೀರಿ. ಇಗೋ, ಮುದ್ರೆ ಹಾಕಿ ಬರೆಯುತ್ತಿದ್ದೇನೆ. ಎರಡು ದೋಣಿಯ ಮೇಲೆ ಕಾಲಿಟ್ಟವ ದಡ ಸೇರುವುದಿಲ್ಲ. ಪುಡಿ ಶುರು ಮಾಡಿದ ದಿನವೇ ಡಾಕ್ಟರ ಗುಳಿಗೆಯನ್ನು ಹೊಳೆಗೆ ಬಿಡಬೇಕು. ಕೆಲವು ದಿನಕ್ಕೆ ಎದೆ ಬಿಗಿಯುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಬೆವರು ಬರುತ್ತದೆ. ಅದು ದೋಷ ಹೊರಗೆ ಬರುವ ಲಕ್ಷಣ. ಆ ಹೊತ್ತಿಗೆ ಹೆದರಿ ದವಾಖಾನೆಗೆ ಓಡಿದರೆ ಮಾಡಿದ್ದೆಲ್ಲ ಹಾಳು. ಗಟ್ಟಿಯಾಗಿ ಕೂತವನು ಗೆಲ್ಲುತ್ತಾನೆ. ಈ ಪತ್ರವನ್ನು ಯಜಮಾನರಿಗೆ ಓದಿ ಹೇಳಿ.

ಶಿವಯೋಗೆಪ್ಪ
(ಮುದ್ರೆ)


ಹುನ್ನೂರ
27 ಆಗಸ್ಟ್ 2003

ಸುವರ್ಣಾ,

ನಿನ್ನ ಬಲೆಗೆ ಮೀನು ಬಿದ್ದಿದೆ. ಗುಳಿಗೆ ಬಿಡಿರಿ, ದವಾಖಾನೆಗೆ ಹೋಗಬೇಡಿರಿ ಎಂದು ಮುದ್ರೆ ಒತ್ತಿ ಬರೆದಿದ್ದಾನೆ. ನಿನ್ನ ಬಗ್ಗೆಯೂ ಬರೆದಿದ್ದಾನೆ. ಅದನ್ನು ಇಲ್ಲಿ ಬರೆಯಲಾರೆ, ಬಂದಾಗ ನೀನೇ ಓದು. ಡಾಕ್ಟರ ಮಾತು ಮೀರಿ ಗಂಡನಿಗೆ ಬೆಣ್ಣೆ ಹಾಕುವವಳು ನೀನಲ್ಲ, ನಾನು.

ಇಂಥ ಪತ್ರ ಅಂಚೆಯಲ್ಲಿ ಕಳೆದರೆ ಮತ್ತೆ ಸಿಗುವುದಿಲ್ಲ. ಕಳಿಸಲೋ, ಇಟ್ಟುಕೊಳ್ಳಲೋ ಹೇಳು. ಸದ್ಯ ತಂತಿಗೆ ಚುಚ್ಚಿದ್ದೇನೆ.

ಅಂಜನಾ


ಬನಹಟ್ಟಿ
5 ಸೆಪ್ಟೆಂಬರ್ 2003

ಅಕ್ಕಾ,

ಕಳಿಸಬೇಡ. ಅಲ್ಲೇ ಇರಲಿ. ನನ್ನ ಕೈಗೆ ಸಿಕ್ಕರೆ ನಾಳೆಯೇ ಹೋಗಿ ಅವನ ಮಾರಿಗೆ ಎಸೆದುಬಿಡುತ್ತೇನೆ, ಕೆಲಸ ಕೆಡುತ್ತದೆ. ಸಂಕ್ರಾಂತಿಯ ದಿನ ಮುಳುಗಿದ ಊರಿನವರೆಲ್ಲ ಹೊಳೆದಂಡೆಗೆ ಬುತ್ತಿ ಕಟ್ಟಿಕೊಂಡು ಬಂದು ನೀರಿಗೆ ನಮಸ್ಕಾರ ಮಾಡಿ ಉಣ್ಣುತ್ತಾರಲ್ಲ, ಅವನು ಅಲ್ಲಿಯೇ ಜಮಖಾನೆ ಹಾಸಿ ಡಬ್ಬಿ ಮಾರುತ್ತಾನೆ, ಗುಳಿಗೆ ಬಿಡಿಸುತ್ತಾನೆ. ಅಷ್ಟು ಮಂದಿಯ ನಡುವೆ ನಿಂತು ನಾನು ಆ ಪತ್ರವನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಮುಧೋಳದ ಟವೆಲಿನ ಕಥೆ ಹೇಳಬೇಕು. ಅವನಿಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಬೇಕು. ನಾಲ್ಕು ತಿಂಗಳು ಕಾಯುತ್ತೇನೆ. ಕಾಯುವುದರಲ್ಲೂ ಒಂದು ರುಚಿ ಇದೆ ಅಕ್ಕ, ಸುಳ್ಳು ಯಾಕೆ ಹೇಳಲಿ.

ಸುವರ್ಣಾ


ಹುನ್ನೂರ
28 ಡಿಸೆಂಬರ್ 2003

ಸುವರ್ಣಾ,

ಆಶೀರ್ವಾದ ಬರೆಯಲು ಮನಸ್ಸಿಲ್ಲ.

ಹದಿನೈದು ದಿನದ ಹಿಂದೆ ನಿಮ್ಮ ಮಾವ ಕಾರ್ಖಾನೆಯ ಕಬ್ಬು ಕಡಿಯುವ ಚೀಟಿ ಹುಡುಕುತ್ತ ತಂತಿಯಿಂದ ಕಾಗದಗಳನ್ನೆಲ್ಲ ಕೆಳಗೆ ಇಳಿಸಿದರು. ನಾನು ಹೊಲಕ್ಕೆ ಬುತ್ತಿ ಒಯ್ದಿದ್ದೆ. ಲಕೋಟೆಯ ಮೇಲೆ ನನ್ನ ಹೆಸರಿನ ಜೊತೆ ತಮ್ಮ ಹೆಸರು, ಪತ್ರದ ಕೆಳಗೆ ವೈದ್ಯನ ಮುದ್ರೆ. ಹುಟ್ಟಿದಾಗಿನಿಂದ ಪತ್ರ ಓದದ ಮನುಷ್ಯ ಅದೊಂದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ್ದಾರೆ. ನನಗೆ ಹೇಳಲಿಲ್ಲ. ಪುಡಿ ತರಿಸಿಕೊಂಡು, ತಾವೇ ಕಲ್ಲು ಹೊತ್ತು ಕಟ್ಟಿದ ಚಿಕ್ಕಪಡಸಲಗಿ ಬಂದಾರಕ್ಕೆ ಗುಳಿಗೆಯನ್ನೆಲ್ಲ ಒಯ್ದು ನೀರಿಗೆ ಬಿಟ್ಟು ಬಂದಿದ್ದಾರೆ. ಗುಳಿಗೆ ಇನ್ನು ನನ್ನ ಕಿಸೆಯಲ್ಲೇ ಇರಲಿ ಎಂದಿದ್ದರು. ದಿನಾ ನನ್ನೆದುರು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿದ್ದು ಸುಣ್ಣದ ಸಣ್ಣ ಉಂಡೆಯಂತೆ.

ನಿನ್ನೆ ಕಬ್ಬಿನ ಗಾಡಿ ತುಂಬುವಾಗ ಎದೆ ಹಿಡಿದುಕೊಂಡು ಕುಳಿತರು. ಎಡಗೈ ಜೋಮು, ಮೈಯೆಲ್ಲ ಬೆವರು. ಜೀಪು ತರಿಸಿದೆ. ಹತ್ತಲಿಲ್ಲ. "ಎಲ್ಲಾ ಪತ್ರದಾಗ ಬರದಂಗ ಆಗಾಕತ್ತೈತಿ, ಈಗ ಹೋದ್ರ ಮಾಡಿದ್ದು ಹಾಳ" ಎಂದರು. ನಾನು ಕಾಲಿಗೆ ಬಿದ್ದು ಖರೆ ಸಂಗತಿ ಹೇಳಿದೆ. ಆ ಪತ್ರ ಬರೆಸಿದ್ದು ಸುವರ್ಣಾ, ನಿಮಗೆಂದು ಬಂದದ್ದಲ್ಲ ಎಂದೆ. "ಗುಳಿಗಿ ನುಂಗಸಾಕ ಅಕ್ಕ ತಂಗಿ ಕೂಡಿ ಕಥಿ ಕಟ್ಟೀರಿ. ವೈದ್ಯ ಕೈಲೆ ಬರದ ಕೊಟ್ಟರ ಮಾತ್ರ ನಂಬತೀನಿ" ಎಂದರು. ಇವತ್ತು ನೋವು ಸ್ವಲ್ಪ ಕಡಿಮೆಯಾಗಿದೆ. ಮುಖ ಬೂದಿಯ ಹಾಗಿದೆ.

ನಿನ್ನ ಸೇಡಿಗೆ ನನ್ನ ಕುಂಕುಮವೇ ಬೇಕಾಗಿತ್ತೇನೆ ಸುವರ್ಣಾ? ಕಾಯುವುದರಲ್ಲಿ ರುಚಿ ಇದೆ ಎಂದು ಬರೆದಿದ್ದೆಯಲ್ಲ. ಬಂದು ರುಚಿ ನೋಡು.

ಈ ಪತ್ರವನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಂಜನಾ


ಮಹಾಲಿಂಗಪುರ ಬಸ್ ಸ್ಟ್ಯಾಂಡ್
29 ಡಿಸೆಂಬರ್ 2003, ಮಧ್ಯಾಹ್ನ

ಶಿವಯೋಗೆಪ್ಪನವರಿಗೆ,

ನಾನು ಸೋಮಲಿಂಗನ ಹೆಂಡತಿ ಸುವರ್ಣಾ. ಹುನ್ನೂರಿನ ಅಂಜನಾ ನನ್ನ ಸ್ವಂತ ಅಕ್ಕ. ಅವಳ ಹೆಸರಿನಲ್ಲಿ ನಿಮಗೆ ಬರೆದ ಎರಡೂ ಪತ್ರ ನನ್ನವು. ನಿಮ್ಮ ಕೈಯಿಂದ ಬರೆಸಿ, ಸಂಕ್ರಾಂತಿಯ ದಿನ ನಿಮ್ಮ ಊರಿನ ಮಂದಿಯ ಮುಂದೆ ನಿಮ್ಮ ಮಾನ ಕಳೆಯಬೇಕೆಂದು ಮಾಡಿದ್ದು.

ಆದರೆ ನಿಮ್ಮ ಪತ್ರ ನನಗಿಂತ ಮೊದಲು ನನ್ನ ಅಕ್ಕನ ಗಂಡನ ಕೈಗೆ ಸಿಕ್ಕಿತು. ಅವರು ಗುಳಿಗೆ ಬಿಟ್ಟಿದ್ದಾರೆ. ಎದೆನೋವು ಬಂದಿದೆ. ನೀವು ಬರೆದ ಹಾಗೆಯೇ ಗಟ್ಟಿಯಾಗಿ ಕೂತಿದ್ದಾರೆ. ನಾವು ಯಾರು ಹೇಳಿದರೂ ಕೇಳುವುದಿಲ್ಲ. ನಿಮ್ಮ ಕೈಯ ಅಕ್ಷರ ಬೇಕಂತೆ.

ನಿಮ್ಮಂಥವರ ಮುಂದೆ ಕೈಚಾಚುವ ದಿನ ಬರುತ್ತದೆ ಎಂದು ಎಣಿಸಿರಲಿಲ್ಲ. ಚಾಚಿದ್ದೇನೆ. ದವಾಖಾನೆಗೆ ಹೋಗಿ, ಗುಳಿಗೆ ತೊಗೊಳ್ಳಿ ಎಂದು ಬರೆದುಕೊಡಿ. ಬರೀ ಅಷ್ಟು ಬರೆದರೆ ಅವರು ಹೆಂಗಸರ ಒತ್ತಾಯ ಅನ್ನುತ್ತಾರೆ. ನೀವೇ ಅದನ್ನು ನುಂಗುತ್ತೀರಿ ಎಂದು ಬರೆಯಬೇಕು. ಇಲ್ಲ ಅನ್ನಬೇಡಿ. ಜೂನ್ ತಿಂಗಳಲ್ಲಿ ಮುಧೋಳದ ಅಂಗಡಿಯಲ್ಲಿ ಟವೆಲ್ ಜಾರಿದಾಗ ನಿಮ್ಮ ಬೆನ್ನ ಹಿಂದೆ ನಿಂತವಳು ನಾನೇ.

ಬದಲಿಗೆ ನೀವು ನನಗೆ ಬರೆದ ಎರಡೂ ಪತ್ರ ನಿಮಗೆ ವಾಪಸು. ಸಂಕ್ರಾಂತಿಗೆ ಬರುವುದಿಲ್ಲ. ಇನ್ನು ಮುಂದೆ ನಿಮ್ಮ ಬಗ್ಗೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ನನ್ನ ಗಂಡನ ಆಣೆ. ನಾಲ್ಕು ಗಂಟೆಗೆ ಹುನ್ನೂರಿನ ಬಸ್ಸಿದೆ. ಅಷ್ಟರೊಳಗೆ ಈ ಚೀಟಿ ತಂದ ಹುಡುಗನ ಕೈಯಲ್ಲೇ ಪತ್ರ ನನಗೆ ಮುಟ್ಟಬೇಕು. ಬರದಿದ್ದರೆ ನಾನು ಆ ಬಸ್ಸು ಹತ್ತುವುದಿಲ್ಲ, ನಿಮ್ಮ ಬಾಗಿಲಿಗೆ ಬರುತ್ತೇನೆ, ಇಡೀ ಪೇಟೆ ಕೂಡುವ ಹಾಗೆ.

ಸುವರ್ಣಾ ಸೋಮಲಿಂಗ


ಮಹಾಲಿಂಗಪುರ
29 ಡಿಸೆಂಬರ್ 2003

ಶರಣ ಚನಮಲ್ಲಪ್ಪನವರಿಗೆ ಶಿವಯೋಗೆಪ್ಪನ ಶರಣಾರ್ಥಿ.

ಈ ಪತ್ರ ಕಂಡ ಕೂಡಲೇ ಜಮಖಂಡಿಗೆ ಹೋಗಿ ಡಾಕ್ಟರಿಗೆ ಎದೆ ತೋರಿಸಬೇಕು. ಒಂದು ಗಳಿಗೆಯೂ ತಡ ಮಾಡಬಾರದು. ಗುಳಿಗೆ ಮತ್ತೆ ಶುರು ಮಾಡಬೇಕು. ರೊಟ್ಟಿ, ಅಗಸಿ, ಮೆಂತೆಯ ಪಥ್ಯ ಹಾಗೆಯೇ ಇರಲಿ. ಆದರೆ ಪಥ್ಯವೊಂದರಿಂದಲೇ, ನನ್ನ ಪುಡಿಯಿಂದಲೇ ನಿಮ್ಮ ಕೊಬ್ಬು ಇಳಿಯುತ್ತದೆ ಎಂದು ತಿಳಿಯಬೇಡಿ. ಮೊದಲು ಬರೆದದ್ದು ತಪ್ಪು.

ನನಗೂ ಇದೇ ತೊಂದರೆ ಇದೆ. ಒಬ್ಬ ಗೆಳೆಯ ತೀರಿಕೊಂಡ ಮೇಲೆ ಹೆದರಿಕೆಯಾಗಿ ರಕ್ತ ತೋರಿಸಿದೆ. ಅಂದಿನಿಂದ ದಿನಾ ರಾತ್ರಿ ಡಾಕ್ಟರ ಗುಳಿಗೆ ನುಂಗುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಇದು ಖರೆ.

ಶಿವಯೋಗೆಪ್ಪ
(ಮುದ್ರೆ)


ಹುನ್ನೂರ
20 ಜನವರಿ 2004

ಸುವರ್ಣಾ,

ನೀನು ಪತ್ರ ತಂದುಕೊಟ್ಟ ದಿನ ನಿನ್ನ ಮುಖ ಸಹ ನೋಡಲಿಲ್ಲ. ನೋಡಬೇಕು ಅನ್ನಿಸಲಿಲ್ಲ. ಈಗ ನಡೆದದ್ದನ್ನು ತಿಳಿಸುವುದು ನನ್ನ ಕೆಲಸ, ಅದಕ್ಕೆ ಬರೆಯುತ್ತೇನೆ.

ಡಾಕ್ಟರು ಇವರನ್ನು ಆರು ದಿನ ಇಟ್ಟುಕೊಂಡರು. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ. ಕಬ್ಬಿನ ಹೊರೆ ಎತ್ತುವುದು ಮುಗಿಯಿತು. ಬೆಣ್ಣೆಯೂ ಮುಗಿಯಿತು. ಅಗಸಿ, ಮೆಂತೆ, ನಡಿಗೆ ಎಲ್ಲ ಛಲೋ, ಗುಳಿಗೆಯ ಜೊತೆ ಇರಲಿ ಎಂದರು. ನೀನು ಕೊಟ್ಟ ಮಾತಿನಂತೆ ಅವನ ಹಳೆಯ ಪತ್ರವನ್ನು ಇವರ ಕಿಸೆಯಿಂದ ತೆಗೆದು ಮಹಾಲಿಂಗಪುರಕ್ಕೆ ಕಳಿಸಿದೆ.

ಹೊಸ ಪತ್ರವನ್ನು ಮಾತ್ರ ಇವರು ಯಾರಿಗೂ ಮುಟ್ಟಗೊಡಲಿಲ್ಲ. "ತನ್ನ ಧಂದೆ ನೋಡದ ನನ್ನ ಜೀವಾ ನೋಡ್ಯಾನ. ಇಂಥಾ ಮನಶಾ ಎಲ್ಲಿ ಸಿಗತಾನ?" ಎಂದು ಕಣ್ಣೀರು ಒರೆಸಿಕೊಂಡರು. ದವಾಖಾನೆಯಿಂದ ಬರುವಾಗ ಜಮಖಂಡಿಯಲ್ಲಿ ನೂರು ಝೆರಾಕ್ಸ್ ಮಾಡಿಸಿದರು. ವೈದ್ಯ ಅಲ್ಲಿ ಸಿಗುತ್ತಾನೆಂದು ಯಾರೋ ಹೇಳಿದ್ದರಂತೆ, ಸಂಕ್ರಾಂತಿಯ ದಿನ ಬೇಡ ಬೇಡವೆಂದರೂ ಜೀಪು ಮಾಡಿಕೊಂಡು ಹೊಳೆದಂಡೆಗೆ ಹೋದರು, ನಾನೂ ಜೊತೆಗೆ ಹೋದೆ. ವೈದ್ಯ ಜಮಖಾನೆಯ ಮೇಲೆ ಡಬ್ಬಿ ಹಚ್ಚಿಕೊಂಡು ಕುಳಿತಿದ್ದ. ಇವರು ಅವನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. "ನನಗ ಒಬ್ಬಗ ಹೇಳಿದ್ದು ಎಲ್ಲಾರಿಗೂ ತಿಳೀಲಿ, ಇವನ ದೊಡ್ಡ ಮನಸು ನೋಡ್ರಿ" ಎಂದು ಪಕ್ಕದ ಮಾಸ್ತರನ ಕೈಗೆ ಪತ್ರ ಕೊಟ್ಟು ಗಟ್ಟಿಯಾಗಿ ಓದಿಸಿದರು. ನೂರೂ ಪ್ರತಿ ಹಂಚಿದರು.

ಓದಿ ಮುಗಿಯಿತು. ಯಲ್ಲವ್ವ ಎಂಬ ಮುದುಕಿ ಎದ್ದು ಬಂದಳು. ಅವಳ ಅಣ್ಣ ಹೋದ ವರ್ಷ ತೀರಿಕೊಂಡಿದ್ದನಂತೆ. "ನೀ ನುಂಗತಿದ್ದಿ. ನಮ್ಮಣ್ಣಂದು ಹೊಳಿಗ್ಯಾಕ ಬಿಡಿಸಿದ್ಯೋ?" ಎಂದು ಕೇಳಿದಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಚೀಲದಲ್ಲಿದ್ದ ಡಬ್ಬಿಗಳನ್ನು ತೆಗೆದು ಅವನ ಮುಂದೆ ಇಟ್ಟು ಹೋದರು. ನಿಮ್ಮ ಮಾವ ಮನೆಗೆ ಬಂದು, "ಹಾರಾ ಹಾಕಿದ್ರೂ ಮಾರಿ ಸಣ್ಣದ ಮಾಡಿದ ನೋಡ, ನಾಚಿಕಿ ಸ್ವಭಾವ" ಎಂದರು. ಇವರಿಗೆ ಏನೂ ತಿಳಿದಿಲ್ಲ. ನಾನೂ ತಿಳಿಸಲಿಲ್ಲ.

ನೀನು ಬಯಸಿದ್ದು ಆಯಿತು. ನನ್ನ ಗಂಡನ ಅರ್ಧ ಎದೆ ಕೊಟ್ಟು ಆಯಿತು. ಈ ಯುಗಾದಿಗೆ ಬರಬೇಡ. ಮುಂದಿನದು ಮುಂದೆ ನೋಡೋಣ.

ಅಂಜನಾ


ಮಹಾಲಿಂಗಪುರ
2 ಫೆಬ್ರುವರಿ 2004

ಸುವರ್ಣಾ ಅವರಿಗೆ,

ಗಂಡನ ಆಣೆ ಮಾಡಿ ಮಾತು ಮುರಿದಿರಿ. ಒಂದು ಜೀವ ಉಳಿಸಲು ನಾನು ಕೊಟ್ಟ ಪತ್ರವನ್ನು ನನ್ನ ಕೊರಳಿಗೇ ಕಟ್ಟಿದಿರಿ. ನಮ್ಮ ಊರು ಮುಳುಗಿದಾಗ ನನಗೆ ಉಳಿದದ್ದು ಆ ಮಂದಿ. ಈಗ ಎದುರಿಗೆ ಬಂದರೆ ಹಾದಿ ಬದಲಿಸುತ್ತಾರೆ. ನೀವು ಕೇಳಿದ ಕೂಡಲೇ, ಅರ್ಧ ತಾಸಿನೊಳಗೆ ಬರೆದುಕೊಟ್ಟೆ. ಅದಕ್ಕೆ ಇದೇ ಉಪಕಾರವೇ?

ಶಿವಯೋಗೆಪ್ಪ


ಬನಹಟ್ಟಿ
8 ಫೆಬ್ರುವರಿ 2004

ಶಿವಯೋಗೆಪ್ಪನವರಿಗೆ,

ಮಾತು ಮುರಿದಿಲ್ಲ. ನನಗೆ ಬರೆದ ಎರಡು ಪತ್ರ ನಿಮಗೆ ಮುಟ್ಟಿವೆ. ಸಂಕ್ರಾಂತಿಗೆ ನಾನು ಬರಲಿಲ್ಲ, ಬಾಯಿ ಬಿಡಲಿಲ್ಲ. ಮೂರನೆಯ ಪತ್ರ ನೀವು ಬರೆದದ್ದು ಚನಮಲ್ಲಪ್ಪ ಮಾವನಿಗೆ, ಅದು ಅವರ ಸ್ವತ್ತು. ಅವರು ಹಾರ ತಂದದ್ದು ಮನಸ್ಸಿನಿಂದ. ನಿಮ್ಮನ್ನು ಇಂದಿಗೂ ದೇವರೆಂದು ನಂಬಿರುವ ಮನುಷ್ಯ ಈ ಜಿಲ್ಲೆಯಲ್ಲಿ ಅವರೊಬ್ಬರೇ.

ನಿಮ್ಮ ಮುಖ ಸಣ್ಣದಾದದ್ದನ್ನು ಕೇಳಿ ನನಗೆ ಸಂತೋಷವಾಯಿತು. ಮುಚ್ಚಿಡುವುದಿಲ್ಲ, ಬಹಳ ಸಂತೋಷವಾಯಿತು. ಅದಕ್ಕೆ ನಾನು ಕೊಟ್ಟದ್ದೂ ಕಡಿಮೆಯೇನಲ್ಲ. ನನ್ನ ಅಕ್ಕ ನನ್ನನ್ನು ಹಬ್ಬಕ್ಕೆ ಬರಬೇಡ ಎಂದಿದ್ದಾಳೆ. ಅವಳ ಮಾತು ಸರಿ. ನಿಮ್ಮ ಹಾಗೆ ನಾನೂ ಒಬ್ಬರ ಜೀವವನ್ನು ಕಾಗದದ ಮೇಲೆ ಇಟ್ಟು ಆಡಿದೆ.

ಝೆರಾಕ್ಸ್ ಪ್ರತಿ ಒಂದು ಬನಹಟ್ಟಿಗೂ ಬಂತು. ಗೆಳೆಯ ತೀರಿಕೊಂಡ ಮೇಲೆ ಹೆದರಿಕೆಯಾಗಿ ಗುಳಿಗೆ ಶುರು ಮಾಡಿದೆ ಎಂದು ಬರೆದಿದ್ದೀರಿ. ಅಂದರೆ ಅವರು ಯಾತರಿಂದ ಹೋದರು ಎಂದು ನಿಮಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ನಾನು ಬೆಣ್ಣೆ ಹಾಕಿ ಕೊಂದೆ ಎಂದು ಬರೆದಿರಿ.

ಅರ್ಧ ತಾಸಿನೊಳಗೆ ಬರೆದುಕೊಟ್ಟೆ ಎಂದಿದ್ದೀರಿ. ಖರೆ. ಬಸ್ ಸ್ಟ್ಯಾಂಡಿನಲ್ಲಿ ಕುಳಿತು ನಾನು ಗಡಿಯಾರ ನೋಡುತ್ತಲೇ ಇದ್ದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಸೋಮಲಿಂಗ ಎದೆ ಹಿಡಿದುಕೊಂಡು ಕುಳಿತದ್ದು ಬೆಳಗಿನ ಎಂಟು ಗಂಟೆಗೆ, ಜೀವ ಹೋದದ್ದು ಸಂಜೆ ಆರಕ್ಕೆ. ದವಾಖಾನೆಗೆ ಹೋಗಲು ನೀವೊಂದು ಮಾತು ಹೇಳಿ ಎಂದು ಒಂಬತ್ತು ಗಂಟೆಗೇ ನಿಮಗೆ ಆಳು ಕಳಿಸಿದ್ದೆ. ಪುಡಿ ಎರಡು ಚಮಚ ಹೆಚ್ಚು ಕೊಡಿ ಎಂದು ಹೇಳಿ ಕಳಿಸಿದಿರಿ. ನಾನು ಕೊಟ್ಟೆ.

ಸುವರ್ಣಾ ಸೋಮಲಿಂಗ